ನೋಯದ ಹೆಬ್ಬೆರಳು

ಬಲಗೈ ಹೆಬ್ಬೆರಳಿಗೆ ಗಟ್ಟಿ ಉಗುರಿಲ್ಲದವರು ಹತ್ತಿಯ ಕ್ರಾಸಿಂಗ್ ಕೆಲಸಕ್ಕೆ ಬರುವುದಿಲ್ಲ. ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆಯೇ ಗುರುತಿಸಬೇಕು, ಬುಡದಲ್ಲಿ ಉಗುರು ಒತ್ತಿ ಒಂದು ಸುತ್ತು ತಿರುವಬೇಕು, ಎಸಳು ಕೇಸರ ಎಲ್ಲವನ್ನೂ ಟೋಪಿ ತೆಗೆದಂತೆ ಒಂದೇ ಎಳೆತಕ್ಕೆ ಕಳಚಬೇಕು. ಒಳಗಿನ ಎಳೆಗಾಯಿಗೆ ಗೀರು ಬೀಳಬಾರದು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪುಡಿ ತಂದು ಸವರಿದರೆ ಅದು ಬೀಜ ಕಟ್ಟುತ್ತದೆ. ಯಲಬುರ್ಗಾದ ಸುತ್ತಮುತ್ತ, ಬೋರಿನ ನೀರಿರುವ ಹೊಲಗಳಲ್ಲಿ ಈ ಕೆಲಸ ಮಾಡುವ ಹೆಂಗಸರು ಬಹಳ ಜನ. ನೇತ್ರಾವತಿ ಅವರಲ್ಲಿ ಒಬ್ಬಳು. ಮದುವೆಯಾಗಿ ಬಂದ ವರ್ಷವೇ ಕಲಿತಿದ್ದಳು, ಮತ್ತೆ ಬಿಟ್ಟಿರಲಿಲ್ಲ.

ಆ ವರ್ಷ ಗಣಪತಿ ಹಬ್ಬ ಮುಗಿದ ಮೇಲೆ ಅವಳ ಉಗುರು ಒಂದು ಮಗ್ಗುಲಿಗೆ ಸೀಳಿತು. ಸೀಳಿದಲ್ಲಿ ದಾಳಿಂಬೆ ಕಾಳಿನಷ್ಟು ಕೆಂಪು ಮಾಂಸ ಇಣುಕಿತು. ಸೀರೆಯ ಸೆರಗು ತಾಕಿದರೂ ರಕ್ತ ಜಿನುಗುತ್ತಿತ್ತು, ಆದರೆ ನೋವಿರಲಿಲ್ಲ.

"ಉಗುರಸುತ್ತ ಆಗೇತಿ, ಮತ್ತೇನಿಲ್ಲ," ಎಂದಳು ಅತ್ತೆ ಫಕೀರಮ್ಮ. ಲಿಂಬಿಹಣ್ಣಿಗೆ ತೂತು ಕೊರೆದು, ಒಳಗೆ ಅರಿಶಿಣ ತುಂಬಿ, ಸೊಸೆಯ ಹೆಬ್ಬೆರಳಿಗೆ ತೊಡಿಸಿದಳು. "ಉಗುರಸುತ್ತಿಗೆ ರಾತ್ರಿ ನಿದ್ದಿ ಬರಂಗಿಲ್ಲವಾ. ನಿನಗ ನೋವಾ ಇಲ್ಲಂದ್ರ ನಿನ್ನ ಪುಣ್ಯ."

ಹೊಲದಲ್ಲಿ ಎಲ್ಲರ ಉಗುರೂ ಹಾಗೇ ಇರುತ್ತಿದ್ದವು. ಯಾರದೋ ಹಳದಿ, ಯಾರದೋ ಹಸಿರು, ಯಾರದೋ ಸೀಳಿ ಬಾತದ್ದು. ಜೊತೆಗೆ ಕೆಲಸ ಮಾಡುವ ಬಾನುಬೀ ತನ್ನ ಬೆರಳು ತೋರಿಸಿ, "ನಂದ ನೋಡ, ನಿಂದ ಏನ್ ಮಹಾ," ಎಂದು ನಕ್ಕಿದ್ದಳು. ನೇತ್ರಾವತಿ ಬೆರಳಿಗೆ ಬಟ್ಟೆ ಸುತ್ತಿಕೊಂಡು, ತೋರುಬೆರಳಿನ ಉಗುರಿನಿಂದ ಮೊಗ್ಗು ಬಿಡಿಸುವುದನ್ನು ರೂಢಿ ಮಾಡಿಕೊಂಡಳು.

ಅವಳ ಗಂಡ ಗಾಳೇಶ ಗಿಣಿಗೇರಾದ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ಅಲ್ಲೇ ಖೋಲಿ ಹಿಡಿದಿದ್ದ, ವಾರದ ರಜೆಗೆ ಊರಿಗೆ ಬರುತ್ತಿದ್ದ. ದೀಪಾವಳಿಗೆ ಬಂದಾಗ ಬಟ್ಟೆ ಬಿಚ್ಚಿ ನೋಡಿ ಗಾಬರಿಯಾದ. ಮಾಂಸ ಉಗುರಿನ ಅರ್ಧಕ್ಕೆ ಹರಡಿತ್ತು.

"ಇದನ್ನ ಹಿಂಗ ಇಟ್ಕೊಂಡು ಕುಂತೀಯಲ್ಲ?"

"ನೋವಿಲ್ರಿ, ಹಂಗಾಮ ಮುಗೀಲಿ ಬಿಡ್ರಿ. ನೋವಿದ್ರ ನಾನಾ ಹೋಗ್ತಿದ್ದೆ."

ಯಲಬುರ್ಗಾದ ಡಾಕ್ಟರು ಕೀವು ಆರುವ ಗುಳಿಗೆ ಬರೆದುಕೊಟ್ಟರು, ಪಟ್ಟಿ ಕಟ್ಟಿದರು, ನೀರು ತಾಗಿಸಬೇಡ ಎಂದರು. ಅಡಿಗೆ, ಪಾತ್ರೆ, ಬಟ್ಟೆ ಇರುವ ಮನೆಯಲ್ಲಿ ನೀರು ತಾಗದೆ ಇರುವುದು ಹೇಗೆ? ಸಂಕ್ರಮಣದವರೆಗೂ ಪಟ್ಟಿ ಬದಲಾಯಿಸುತ್ತಲೇ ಇದ್ದರು. ಕೊನೆಗೆ ಆ ಡಾಕ್ಟರೇ, "ಇದು ನನ್ನ ಕೈಯಾಗ ಮಾಯೋ ಹಂಗ ಕಾಣವಲ್ದು, ಕೊಪ್ಪಳಕ್ಕ ತೋರಸ್ರಿ," ಎಂದು ಚರ್ಮದ ಡಾಕ್ಟರ ಹೆಸರು ಹೇಳಿದರು.

ಡಾಕ್ಟರ್ ರೇಣುಕಾದೇವಿ ಕುಷ್ಟಗಿ ಕಡೆಯವರು, ರೋಗಿಗಳ ಜೊತೆ ಊರ ಮಾತನ್ನೇ ಆಡುವವರು. ನೇತ್ರಾವತಿಯ ಬೆರಳನ್ನು ದೀಪದ ಕೆಳಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರು. ಏನು ಕೆಲಸ ಮಾಡುತ್ತೀ ಎಂದು ಕೇಳಿದರು. ಗಾಯವಾದ ಉಗುರನ್ನು ದಿನವೂ ಕೆಣಕಿದರೆ ಹೀಗೆ ದುರ್ಮಾಂಸ ಬೆಳೆಯುತ್ತದೆ, ಇಂಥದ್ದನ್ನು ತಿಂಗಳಿಗೆ ನಾಕೈದು ನೋಡುತ್ತೇನೆ ಎಂದರು. ಬೆರಳಿಗೆ ಜೋಮಿನ ಸೂಜಿ ಕೊಟ್ಟು ಮೇಲಿನ ಮಾಂಸ ಹೆರೆದು ತೆಗೆದು, ಬುಡ ಸುಟ್ಟರು. ಹೆರೆದ ತುಣುಕನ್ನು ಪರೀಕ್ಷೆಗೆ ಕಳಿಸಿದರು.

ಫಲಿತಾಂಶಕ್ಕೆ ಗಂಡಹೆಂಡತಿ ಇಬ್ಬರೂ ಹೋದರು. "ಏನೂ ಹೆದರಿಕಿ ಇಲ್ಲ," ಎಂದರು ರೇಣುಕಾದೇವಿ. "ಬರೇ ದುರ್ಮಾಂಸ. ಕ್ಯಾನ್ಸರ್ ಅಲ್ಲ."

ಆ ಮಾತು ಕೇಳುವವರೆಗೂ ಕ್ಯಾನ್ಸರ್ ಇರಬಹುದೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಅಲ್ಲ ಎಂದ ಮೇಲೆಯೇ ಹೆದರಿಕೆ ಹುಟ್ಟಿತು. ಬಸ್‌ಸ್ಟ್ಯಾಂಡಿನಲ್ಲಿ ಗಾಳೇಶ ಗಿರ್ಮಿಟ್ಟು ಕೊಡಿಸಿದ. ನೇತ್ರಾವತಿ ಎಡಗೈಯಲ್ಲಿ ತಿನ್ನುತ್ತ, ಮುಂದಿನ ಹಂಗಾಮಿನ ಹೊತ್ತಿಗೆ ಉಗುರು ಬಂದೀತೇ ಎಂದು ಕೇಳಿದಳು. ಅವನು, ಬರದೆ ಏನಾಗುತ್ತದೆ ಎಂದ. ಊರಿನ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತು ಹಾದಿಯುದ್ದಕ್ಕೂ ಮಾತಾಡುತ್ತಲೇ ಇದ್ದಳು. ಅಷ್ಟು ಮಾತಾಡಿದ್ದನ್ನು ಅವನು ಮದುವೆಯಾದಾಗಿನಿಂದ ಕಂಡಿರಲಿಲ್ಲ.

ಯುಗಾದಿಗೆ ಮಾಂಸ ಮತ್ತೆ ಬಂತು. ಈ ಸಲ ಉಗುರನ್ನೇ ಮೇಲಕ್ಕೆತ್ತಿತ್ತು.

ರೇಣುಕಾದೇವಿ ಬಹಳ ಹೊತ್ತು ನೋಡಿದರು. ಬೆರಳು ಬಿಟ್ಟು ತೋಳು ಎತ್ತಿಸಿ ಬಗಲು ಮುಟ್ಟಿದರು. ಕೈ ಅಲ್ಲೇ ನಿಂತಿತು.

"ಈ ಗಂಟು ಯಾವಾಗಿಂದ ಐತವಾ?"

"ಯಾವ ಗಂಟ್ರಿ?" ಎಂದಳು ನೇತ್ರಾವತಿ. ಅದೂ ನೋಯುತ್ತಿರಲಿಲ್ಲ.

ಅವತ್ತೇ ಉಗುರನ್ನು ಪೂರ್ತಿ ತೆಗೆದು, ಉಗುರು ಹುಟ್ಟುವ ಬುಡದಿಂದ ಆಳಕ್ಕೆ ಒಂದು ತುಣುಕು ಕತ್ತರಿಸಿ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿಂದ ಉತ್ತರ ಬರಲು ತಡವಾಯಿತು. ತುಣುಕಿಗೆ ಬೇರೆ ಬಣ್ಣ ಹಾಕಿ ಮತ್ತೊಮ್ಮೆ ನೋಡಬೇಕಂತೆ ಎಂದು ರೇಣುಕಾದೇವಿ ಫೋನಿನಲ್ಲಿ ಹೇಳಿದರು. ಗಾಳೇಶನಿಗೆ ಕಾರ್ಖಾನೆಯಲ್ಲಿ ಕೆಲಸ ಸಾಗಲಿಲ್ಲ. ಕುಲುಮೆಯ ಹತ್ತಿರ ನಿಂತವನು ಕರೆದರೂ ಓಗೊಡುತ್ತಿರಲಿಲ್ಲ. ಮೇಸ್ತ್ರಿ ಎರಡು ಸಲ ಬೈದು, ಆಮೇಲೆ ವಿಷಯ ತಿಳಿದು ಸುಮ್ಮನಾದ.

ಕೊನೆಗೆ ರೇಣುಕಾದೇವಿ ಇಬ್ಬರನ್ನೂ ಕರೆಸಿದರು. ಹೊರಗೆ ಕೂತಿದ್ದ ರೋಗಿಗಳನ್ನು ಕಾಯಲು ಹೇಳಿ ಬಾಗಿಲು ಹಾಕಿಸಿದರು.

"ಇದು ಕರಿ ಮಚ್ಚಿ ಜಾತಿಯ ಕ್ಯಾನ್ಸರ್," ಎಂದರು. "ಉಗುರಿನ ಕೆಳಗ ಹುಟ್ಟೇತಿ. ಸಾಮಾನ್ಯವಾಗಿ ಇದು ಕರಿ ಗೆರಿ ಆಗಿ ಕಾಣ್ತೈತಿ. ಕರಿ ಗೆರಿ ಕಂಡ್ರ ನಾವೂ ಎಚ್ಚರ ಆಗ್ತೀವಿ. ನಿಮ್ಮದಕ್ಕ ಬಣ್ಣಾನ ಇಲ್ಲ. ದುರ್ಮಾಂಸ ಅಂತ ಬರೋ ಸಾವಿರ ಮಂದ್ಯಾಗ ಒಬ್ಬರಿಗೆ ಹಿಂಗ ಇರ್ತೈತೋ, ಇನ್ನೂ ಕಡಿಮಿನೋ. ನೋಡಾಕ ಬರೇ ದುರ್ಮಾಂಸ ಇದ್ದಂಗ ಇರ್ತೈತಿ."

ಗಾಳೇಶ ಅವರ ಮುಖವನ್ನೇ ನೋಡುತ್ತಿದ್ದ. "ಕ್ಯಾನ್ಸರ್ ಅಲ್ಲ ಅಂದಿದ್ರಲ್ರಿ ಮೇಡಂರ."

"ಅಂದಿದ್ದೆ."

"ಮತ್ತ?"

"ಅವತ್ತು ನಾ ತೆಗೆದದ್ದು ಮ್ಯಾಲಿನ ಮಾಂಸ. ಅದರಾಗ ಇದು ಇರಲಿಲ್ಲ. ಅದು ಕೆಳಗಿತ್ತು. ಬುಡದಿಂದ ತೆಗೀಬೇಕಿತ್ತು ಅಂತ ಈಗ ಹೇಳಬಹುದು. ನೂರು ಉಗುರು ನೋಡಿದಾಕಿಗೆ ಇದು ಬ್ಯಾರೆ ನೂರಾ ಒಂದನೇದು ಅಂತ ಅವತ್ತು ಕಾಣಲಿಲ್ಲ."

ಗಾಳೇಶನಿಗೆ ಸಿಟ್ಟು ಬಂದಿತ್ತು. ಬೈಯಬೇಕೆಂದು ಬಾಯಿ ತೆರೆದ. ಯಾರಿಗೆ? ಲಿಂಬಿಹಣ್ಣು ತೊಡಿಸಿದ ತನ್ನ ಅವ್ವನಿಗೋ, ಗುಳಿಗೆ ಕೊಟ್ಟವರಿಗೋ, ಎದುರಿಗೆ ತಲೆ ತಗ್ಗಿಸಿ ಕೂತ ಈ ಡಾಕ್ಟರಮ್ಮನಿಗೋ? ಎಲ್ಲರೂ ಬೆರಳು ಹಿಡಿದು ನೋಡಿದವರೇ.

"ಅವತ್ತಾ ತಿಳಿದಿದ್ರ?" ಎಂದು ಕೇಳಿದ.

"ಬೆರಳು ಅವತ್ತೂ ಹೋಗ್ತಿತ್ತು," ಎಂದರು ರೇಣುಕಾದೇವಿ. "ಬಗಲಿಗೆ ಮುಟ್ಟತಿತ್ತೋ ಇಲ್ಲೋ, ನನಗ ಗೊತ್ತಿಲ್ಲ. ಸುಳ್ಳ ಹೇಳಾಕ ಬರಂಗಿಲ್ಲ ನನಗ."

ನೇತ್ರಾವತಿ ಮಾತ್ರ, "ಬೆರಳು ತೆಗೆದ್ರ ಮುಗೀತೇನ್ರಿ?" ಎಂದಳು. ಡಾಕ್ಟರು, "ಅಲ್ಲಿಂದ ಸುರು ಮಾಡೋಣು," ಎಂದಷ್ಟೇ ಹೇಳಿದರು.

ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಹೆಬ್ಬೆರಳು ತೆಗೆದರು, ಬಗಲಿನ ಗಂಟುಗಳನ್ನೂ ತೆಗೆದರು. ತಿರುಗಿ ಬಂದಾಗ ಬೇಸಿಗೆಯ ಕೊನೆ. ರೊಟ್ಟಿ ಬಡಿಯಲು ಬರಲಿಲ್ಲ, ಸೀರೆಯ ನಿರಿಗೆ ಹಿಡಿಯಲು ಬರಲಿಲ್ಲ, ತೋಳು ಬಾತು ಭಾರವಾಗಿತ್ತು. ಫಕೀರಮ್ಮ ಸೊಸೆಗೆ ತುತ್ತು ಮಾಡಿ ಉಣಿಸಹೋದರೆ, "ಎಡಗೈ ಐತಲ್ಲತ್ತಿ," ಎಂದು ತಟ್ಟೆ ಎಳೆದುಕೊಳ್ಳುತ್ತಿದ್ದಳು. ಅತ್ತೆ ಹಿತ್ತಲಿಗೆ ಹೋಗಿ ಅಳುತ್ತಿದ್ದಳು.

ಮಳೆಗಾಲದಲ್ಲಿ ಕೆಮ್ಮು ಹತ್ತಿತು. ಹುಬ್ಬಳ್ಳಿಯಲ್ಲಿ ಎದೆಯ ಫೋಟೊ ತೆಗೆದು ನೋಡಿದರೆ ಶ್ವಾಸಕೋಶದಲ್ಲೂ ಅದೇ ಕ್ಯಾನ್ಸರ್. ಕ್ಯಾನ್ಸರ್ ಔಷಧದ ಸೂಜಿ ಹಚ್ಚಿದರು, ಎರಡು ಸಲ ಹಚ್ಚಿದ ಮೇಲೆ ಅಲ್ಲಿಯ ಡಾಕ್ಟರು ಗಾಳೇಶನನ್ನು ಹೊರಗೆ ಕರೆದು, ಔಷಧ ಹಿಡಿಯುತ್ತಿಲ್ಲ, ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ ಎಂದರು. ಅವನು ಹೆಂಡತಿಗೆ ಹೇಳಲಿಲ್ಲ. ಅವಳೂ ಕೇಳಲಿಲ್ಲ.

ದಸರೆಯ ಹೊತ್ತಿಗೆ ಕ್ರಾಸಿಂಗ್ ಭರದಿಂದ ನಡೆದಿತ್ತು. ಒಂದು ಮಧ್ಯಾಹ್ನ ಬಾನುಬೀ ಮನೆಗೆ ಬಂದಳು. ಕಟ್ಟೆಯ ಮೇಲೆ ಕೂತು ಸುಮ್ಮನೆ ಹೆಬ್ಬೆರಳು ಮುಂದೆ ಚಾಚಿದಳು. ಉಗುರು ಸೀಳಿ ಕೆಂಪು ಮಾಂಸ ಕಾಣುತ್ತಿತ್ತು.

"ನಿಂದು ಹಿಂಗಾ ಇತ್ತೇನವಾ?"

ನೇತ್ರಾವತಿ ಅವಳ ಬೆರಳನ್ನು ಎಡಗೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ತನ್ನದನ್ನು ಅಷ್ಟು ತಿಂಗಳು ನೋಡಿದವಳು ಅವಳು. ಆದರೂ ಗುರುತು ಸಿಗಲಿಲ್ಲ. "ಹಿಂಗಾ ಇತ್ತ ಅನಿಸ್ತೈತಿ. ಎಲ್ಲಾರದೂ ಹಿಂಗಾ ಇರ್ತೈತಲ್ಲ. ನಾಳೆ ಕೊಪ್ಪಳಕ್ಕ ಹೋಗೂಣು ನಡಿ."

"ಹಂಗಾಮ ಮುಗೀಲಿ."

"ನಾನೂ ಹಂಗಾ ಅಂದಿದ್ದೆ."

ಗಾಳೇಶ ಬೇಡವೆಂದರೂ ಕೇಳದೆ, ಕೆಮ್ಮುತ್ತ, ಬಾನುಬೀಯ ಜೊತೆ ಬಸ್ಸು ಹತ್ತಿದಳು. ರೇಣುಕಾದೇವಿ ಅವಳನ್ನು ಕಂಡು ಎದ್ದು ಬಂದು ಕುರ್ಚಿ ಎಳೆದು ಕೂರಿಸಿದರು. ಆಮೇಲೆ ಬಾನುಬೀಯ ಬೆರಳು ಹಿಡಿದರು. ದೀಪ ಹತ್ತಿರ ತಂದರು, ದೂರ ಸರಿಸಿದರು, ಗಾಜು ಒರೆಸಿಕೊಂಡು ಮತ್ತೆ ನೋಡಿದರು. ಬಗಲು ಮುಟ್ಟಿದರು.

"ಏನ್ರಿ ಮೇಡಂರ?" ಎಂದಳು ನೇತ್ರಾವತಿ.

"ನೋಡಿ ಹೇಳಾಕ ಬರವಲ್ದವಾ," ಎಂದರು ಡಾಕ್ಟರು. "ಆಳದಿಂದ ತುಣುಕು ತೆಗೆದು ಕಳಸ್ತೀನಿ. ಕಾಯಬೇಕು."

ಬಾನುಬೀ ಅಳತೊಡಗಿದಳು. ನೇತ್ರಾವತಿ ಅವಳ ಬೆನ್ನ ಮೇಲೆ ಕೈ ಇಟ್ಟಳು. ರೇಣುಕಾದೇವಿ ಸೂಜಿ ತುಂಬಿದರು.

ಬಾನುಬೀಯದು ಬರೇ ದುರ್ಮಾಂಸವೇ ಆಗಿತ್ತು, ಬುಡದಲ್ಲೂ ಏನಿರಲಿಲ್ಲ. ಆದರೆ ಆಳಕ್ಕೆ ಕತ್ತರಿಸಿದ್ದರಿಂದ ಅವಳ ಉಗುರು ಹೋಗಿತ್ತು, ಮತ್ತೆ ಬಂದರೂ ಎರಡು ಹೋಳಾಗಿಯೇ ಬೆಳೆಯುತ್ತದೆ ಎಂದಿದ್ದರು ಡಾಕ್ಟರು. ಕ್ರಾಸಿಂಗ್ ಕೆಲಸ ಹೋಯಿತು. ಹೊಲದ ಬೇರೆ ಹೆಂಗಸರು ಅದನ್ನು ನೋಡಿ, ಕೊಪ್ಪಳಕ್ಕೆ ಹೋದರೆ ಉಗುರೇ ಕಿತ್ತುಹಾಕುತ್ತಾರೆ ಎಂದು ತಮ್ಮ ಬೆರಳಿಗೆ ಬಟ್ಟೆ ಸುತ್ತಿಕೊಂಡರು. ಇದನ್ನು ಕೇಳಿದ ದಿನ ನೇತ್ರಾವತಿ ಬಹಳ ಹೊತ್ತು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ಕಾರ್ತಿಕ ಮಾಸದಲ್ಲಿ, ಬೆಳಗಿನ ಚಹಾ ಕುಡಿದ ಮೇಲೆ, ಉಸಿರು ಸಿಗದೆ ಅವಳು ತೀರಿಕೊಂಡಳು. ಅವತ್ತೇ ಹೊಲದಲ್ಲಿ ಮಣ್ಣು ಮಾಡಿದರು.

ದಿನಕರ್ಮ ಮುಗಿಸಿ ಕೆಲಸಕ್ಕೆ ತಿರುಗಿ ಹೋಗುವಾಗ ಗಾಳೇಶ ಕೊಪ್ಪಳದಲ್ಲಿ ಇಳಿದ. ಡಾಕ್ಟರಿಗೆ ಹೇಳಬೇಕು ಅನಿಸಿತ್ತು, ಯಾಕೆಂದು ಅವನಿಗೂ ತಿಳಿದಿರಲಿಲ್ಲ. ಭೇಟಿಯಾಗುವ ಬೇರೆ ದಾರಿ ಗೊತ್ತಿಲ್ಲದೆ ಚೀಟಿ ಮಾಡಿಸಿ, ರೋಗಿಗಳ ನಡುವೆ ಬೆಂಚಿನ ಮೇಲೆ ಕೂತ. ಪಕ್ಕದ ಮುದುಕ ತನ್ನ ಪಾದದ ಗಾಯ ತೋರಿಸುತ್ತ ಏನೋ ಹೇಳುತ್ತಿದ್ದ; ಗಾಳೇಶ ಹೂಂ ಹೂಂ ಎಂದ.

ಅವನ ಸರದಿ ಬಂತು. ರೇಣುಕಾದೇವಿ ತಲೆ ಎತ್ತದೆಯೇ, "ಏನಾಗೇತ್ರಿ, ಕೈ ತೋರಸ್ರಿ," ಎಂದರು. ಮೇಜಿನ ಮೇಲೆ ಯಾವ ಕೈಯೂ ಬಾರದಾಗ ಮೇಲೆ ನೋಡಿದರು, ಗುರುತು ಹಿಡಿದರು.

"ಯಾವಾಗ?"

"ಹುಣ್ಣಿವಿ ಹಿಂದಿನ ದಿನ್ರಿ. ಹೇಳಿ ಹೋಗೂಣಂತ ಬಂದೆ."

ಅವರು ಎದ್ದು ನಿಂತರು. ಹೊರಗಿನಿಂದ ಇನ್ನೊಬ್ಬ ರೋಗಿ ಬಾಗಿಲು ಸರಿಸಿ ಇಣುಕಿದ.

"ಬರ್ತೀನ್ರಿ ಮೇಡಂರ, ಎರಡನೇ ಪಾಳಿ ಐತಿ," ಎಂದ ಗಾಳೇಶ. ಆ ರೋಗಿಗೆ ದಾರಿ ಬಿಟ್ಟು ಹೊರಗೆ ಬಂದು, ಚಪ್ಪಲಿ ಮೆಟ್ಟಿಕೊಂಡು, ಗಿಣಿಗೇರಾ ಬಸ್ಸಿಗೆ ನಡೆದ.