ಒಳಮುಖವಾಗಿ ಹೊದಿಸಿದ ಪತ್ರ

ನನ್ನ ಹೈಸ್ಕೂಲಿನ ಲಾಗ್ ಟೇಬಲ್ ಪುಸ್ತಕಕ್ಕೆ ಹೊದಿಸಿದ್ದ ಕಾಗದದ ಬೈಂಡು ಮೊನ್ನೆ ಅಮೆರಿಕದ ನೇಪರ್‌ವಿಲ್ಲಿನ ಮನೆಯಲ್ಲಿ ಕಿತ್ತುಬಂತು. ಜಮಖಂಡಿಯಲ್ಲಿ ಓದುವಾಗ ನಾವು ಹುಡುಗರು ದೆಹಲಿಯ ರಾಯಭಾರ ಕಚೇರಿಗಳಿಗೆ ಕಾರ್ಡು ಬರೆದು ಪುಕ್ಕಟೆ ಪುಸ್ತಿಕೆ ತರಿಸುತ್ತಿದ್ದೆವು. ಓದುವುದಕ್ಕಲ್ಲ, ಆ ನುಣುಪು ಕಾಗದ ಬೈಂಡ್ ಹಾಕಲು ಚೆಂದವೆಂದು! ಕಬ್ಬಿನ ಗದ್ದೆಯ ಚಿತ್ರ ಹೊರಗೆ, ಅಕ್ಷರವೆಲ್ಲ ಒಳಗೆ.

ಮಗಳು ವರ್ಷಾ ಆ ಹಾಳೆ ಬಿಡಿಸಿ ಓದಿದಳು. ಕ್ರಾಂತಿ ಮಾಡಿ ಅಧಿಕಾರಕ್ಕೆ ಬಂದಿದ್ದ ಪುಟ್ಟ ದ್ವೀಪವೊಂದರ ಸರ್ಕಾರ ಅಮೆರಿಕಕ್ಕೆ ಬರೆದು, ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿದ್ದ ಪತ್ರ ಅದು. ಇಂಗ್ಲಿಷಿನಲ್ಲಿದ್ದ ಅದರ ಸಾರ ಇಷ್ಟೇ: ‘ನಮ್ಮ ನೆಲ ನಿಮ್ಮ ಒಂದು ಸರೋವರದಷ್ಟೂ ಇಲ್ಲ. ಆದರೂ ಅದರ ಮೇಲೆ ಯಾರು ಕಾಲಿಡಬೇಕೆಂದು ಹೇಳುವವರು ನಾವೇ.’

“ಅಪ್ಪಾ, ಯು ನೆವರ್ ರೆಡ್ ದಿಸ್?”

“ಇಲ್ಲವ್ವಾ. ಬರೇ ಬೈಂಡ್ ಹಾಕೇನಿ.”

ವೀಸಾ ಅರ್ಜಿಯಲ್ಲಿ ಒಂದಕ್ಷರ ತಪ್ಪೀತೆಂದು ನಡುಗಿದವನು ನಾನು. ಈ ದೇಶದ ಯಾವ ಕಚೇರಿಗೂ ದನಿ ಎತ್ತಿ ಒಂದು ಸಾಲು ಬರೆದವನಲ್ಲ. ಅಂಥ ಎದೆಗಾರಿಕೆ ಐವತ್ತು ವರ್ಷ ನನ್ನ ಕೈಯಲ್ಲೇ ಇತ್ತು.

“ಟೇಪ್ ತೊಗೊಂಡ ಬಾರವ್ವಾ,” ಎಂದೆ.

ಈ ಸಲ ಕಬ್ಬಿನ ಗದ್ದೆಯನ್ನು ಒಳಗೆ ಹಾಕಿ, ಅಕ್ಷರಗಳನ್ನು ಹೊರಗೆ ತಂದು ಬೈಂಡ್ ಹಾಕಿದೆ.