ಕಾಲಿಗೆ ತಾಗಿತ್ತು ಎಂದ ಸ್ವರ್ನ್ ಕೌರ್

ತಮ್ಮ ವಿರುದ್ಧ ತೀರ್ಪು ಬಂದಾಗ ಅಂಪೈರಿನ ಮೇಲೆ ಹರಿಹಾಯುವ ಆಟಗಾರರನ್ನು ಬೇಕಾದಷ್ಟು ಕಂಡಿದ್ದೇನೆ; ತನ್ನ ಪರವಾಗಿ ತಪ್ಪು ತೀರ್ಪು ಬಂದಾಗ ಅದರ ಎರಡರಷ್ಟು ಹರಿಹಾಯುತ್ತಿದ್ದವಳು ಸ್ವರ್ನ್ ಕೌರ್ ಒಬ್ಬಳೇ. ಮಲಯ ನಾಡಿನ ಇಪೋ ಊರಿನ ನಮ್ಮ ಹಾಕಿ ಕ್ಲಬ್ಬಿನಲ್ಲಿ ಅವಳು ಸೆಂಟರ್ ಹಾಫ್, ನಾನು ಗೋಲ್‌ಕೀಪರ್. ಹೀಗಾಗಿ ನನ್ನ ಯೌವನದ ಬಹುಭಾಗ ಅವಳ ಬೆನ್ನು ನೋಡುವುದರಲ್ಲೇ ಕಳೆಯಿತು. ಎಡಭುಜವನ್ನು ತುಸು ಮುಂದೆ ಚಾಚಿ, ನೆಲದೊಡನೆ ಯಾವುದೋ ಹಳೆಯ ವ್ಯಾಜ್ಯವಿದ್ದವಳಂತೆ ಹಿಮ್ಮಡಿ ಊರಿ ನಡೆಯುವ ಆ ನಡಿಗೆಯನ್ನು ಮೈದಾನದ ಆಚೆ ತುದಿಯಿಂದಲೇ ಗುರುತಿಸಬಹುದಿತ್ತು. ಮಳೆ ಬಂದರೆ, ಬ್ಯಾಂಕಿನ ಕಾವಲುಗಾರರಾಗಿದ್ದ ತಂದೆಯ ಖಾಕಿ ಕೋಟು ತೊಟ್ಟು ಬರುತ್ತಿದ್ದಳು. ಅದರ ತೋಳು ಅವಳ ಬೆರಳುಗಳನ್ನೂ ಮುಚ್ಚಿಬಿಡುತ್ತಿತ್ತು. ಕೋಲಿನ ಹಿಡಿಗೆ ಅಂಗಡಿಯ ಪಟ್ಟಿ ಅವಳಿಗೆ ಒಗ್ಗದು. ತಂದೆಯ ಹಳೆಯ ಪೇಟವನ್ನು ಸೀಳಿ ಬಿಗಿಯಾಗಿ ಸುತ್ತುತ್ತಿದ್ದಳು, ಅದನ್ನು ಬೇರೆ ಯಾರಾದರೂ ಮುಟ್ಟಿದರೆ ಮುಗಿಯಿತು ಕಥೆ.

ಹುಡುಗಿಯರು ಅವಳನ್ನು ಬೆನ್ನ ಹಿಂದೆ ‘ಚಿಲಿ ಪಾಡಿ’ ಎನ್ನುತ್ತಿದ್ದರು, ನಮ್ಮ ಗಾಂಧಾರಿ ಮೆಣಸಿಗೆ ಮಲಯರ ಹೆಸರು ಅದು. ಒಮ್ಮೆ ಪೆನಾಂಗಿನವರ ಮೇಲೆ ಅವಳು ಗೋಲಿನ ಮುಂದಿನ ವೃತ್ತದ ಹೊರಗಿನಿಂದ ಬಾರಿಸಿದ ಚೆಂಡು ಗೋಲಿನೊಳಗೆ ಬಿತ್ತು. ಹಾಗೆ ಹೊಡೆದರೆ ಲೆಕ್ಕಕ್ಕಿಲ್ಲ, ಆದರೆ ಅಂಪೈರು ಗೋಲು ಕೊಟ್ಟುಬಿಟ್ಟ. ನಾವು ಕುಣಿಯುತ್ತಿದ್ದೆವು; ಇವಳು ಅವನೆದುರು ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಹೊರಗಿಂದ ಹೊಡ್ದಿದ್ದೀನಿ ಸಾರ್, ಹೌದೋ ಅಲ್ವೋ? ಕಣ್ಣು ಮನೇಲಿ ಬಿಟ್ಟು ಬಂದ್ರಾ?”

ತನ್ನದೇ ಗೋಲಿನ ವಿರುದ್ಧ ವಾದಿಸಿ ಎಚ್ಚರಿಕೆಯ ಕಾರ್ಡು ತಿಂದವರು ಈ ಭೂಮಿಯ ಮೇಲೆ ಇನ್ನೊಬ್ಬರಿದ್ದರೆ ನನಗೆ ತಿಳಿಯದು.

ಇದು ಅವಳಿಗೆ ಹುಟ್ಟಿನಿಂದ ಬಂದ ಗುಣವೆಂದು ಜನ ಹೇಳುತ್ತಾರೆ, ಅರ್ಧ ಸುಳ್ಳು. ನಮ್ಮ ಕ್ಲಬ್ಬಿನ ಅಭ್ಯಾಸಕ್ಕೆ ಅಂಪೈರು ಇರುತ್ತಿರಲಿಲ್ಲ. ನಮಗೆ ಆಟ ಕಲಿಸುತ್ತಿದ್ದ ಅಲೋಯ್ಸಿಯಸ್ ಮಾಸ್ಟರು ಒಂದು ಕಟ್ಟಳೆ ಮಾಡಿದ್ದರು: ಹಾಕಿಯಲ್ಲಿ ಚೆಂಡು ಕಾಲಿಗೆ ತಾಗುವುದು ತಪ್ಪಾದ್ದರಿಂದ, ಅದು ಯಾರ ಕಾಲಿಗೆ ತಾಗುತ್ತದೆಯೋ ಅವರೇ ಕೈ ಎತ್ತಬೇಕು. ಎತ್ತದೆ ಸಿಕ್ಕಿಬಿದ್ದವರು ಎಲ್ಲರ ಕೋಲುಗಳನ್ನೂ ಹೊತ್ತು ಮೈದಾನ ಸುತ್ತಬೇಕು. ವರ್ಷಗಟ್ಟಲೆ ಹೀಗೆ ಆಡಿ ಆಡಿ, ಮನಸ್ಸಿಗೆ ಸುದ್ದಿ ಮುಟ್ಟುವ ಮೊದಲೇ ನಮ್ಮ ಕೈ ಮೇಲೇಳುತ್ತಿತ್ತು. ಬೇರೆ ಊರಿನವರು ಇದನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದರು.

ಅವಳು ದೇಶದ ತಂಡದ ಬೆನ್ನೆಲುಬಾಗಿದ್ದ ಕಾಲದಲ್ಲಿ, ನೆರೆದೇಶವೊಂದರಲ್ಲಿ ವಿಶ್ವ ಪಂದ್ಯಾವಳಿಯ ಅರ್ಹತಾ ಸುತ್ತು ನಡೆಯಿತು. ಬದಲಿ ಗೋಲ್‌ಕೀಪರಾಗಿ ನಾನು ಹೊರಗೆ ಬೆಂಚಿನ ಮೇಲಿದ್ದೆ. ಕೊನೆಯ ಪಂದ್ಯ ಸಮವಾದರೂ ನಮಗೆ ಸಾಕಿತ್ತು. ಇನ್ನೇನು ಮುಗಿಯಿತೆನ್ನುವಾಗ ಚೆಂಡು ನಮ್ಮ ಗೋಲ್‌ಕೀಪರನ್ನು ದಾಟಿತು. ಗೆರೆಯ ಮೇಲೆ ಒಂಟಿಯಾಗಿ ನಿಂತಿದ್ದ ಸ್ವರ್ನಳ ಎಡಗಾಲಿಗೆ ಬಡಿದು ಹೊರಗುರುಳಿತು. ಎದುರಿಗೆ ಆಟಗಾರ್ತಿಯರು ಗುಂಪುಗೂಡಿದ್ದರಿಂದ ಅಂಪೈರಿಗೆ ಕಾಣಲಿಲ್ಲ. ಎದುರಾಳಿಗಳೇ ಹಣೆ ಚಚ್ಚಿಕೊಂಡು ಹಿಂದಿರುಗತೊಡಗಿದ್ದರು. ಅಷ್ಟರಲ್ಲಿ ಸ್ವರ್ನಳ ಕೈ ಮೇಲೆದ್ದಿತು. ಸೀಟಿ ಕೇಳಿತು, ಎದುರಾಳಿಗಳಿಗೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು, ಗೋಲಾಯಿತು, ನಾವು ಸೋತೆವು.

ವಿಶ್ರಾಂತಿ ಕೋಣೆಯಲ್ಲಿ ನಡೆದದ್ದನ್ನು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ. ನಮ್ಮ ಮ್ಯಾನೇಜರ್, ‘ದಾತಿನ್’ ಎಂಬ ಗೌರವದ ಬಿರುದಿದ್ದ ದಾತಿನ್ ಸಲ್ಮಿಯಾ ಬಂದು, ಬೆವರೂ ಆರದ ಅವಳ ಪಕ್ಕದಲ್ಲಿ ಕುಳಿತರು. ಬೆಣ್ಣೆಯಂಥ ದನಿ.

“ನೋಡಮ್ಮ ಸ್ವರ್ನ್, ಕಾಲಿಗೆ ಪೆಟ್ಟಾಯ್ತು, ಆಟ ನಿಲ್ಲಿಸಿ ಅಂತ ಕೈ ಎತ್ತಿದೆ. ಪಂದ್ಯಾವಳಿ ಸಮಿತಿಗೆ ದೂರು ಕೊಡ್ತೀವಿ, ಅವರ ಮುಂದೆ ಅಷ್ಟು ಹೇಳು ಸಾಕು. ಪಂದ್ಯ ಮತ್ತೆ ಆಡಿಸ್ತಾರೆ.”

“ಪೆಟ್ಟಾಗಿಲ್ಲ ದಾತಿನ್.”

“ಆಗಿದೆ ಅನ್ನು. ದೇಶಕ್ಕೋಸ್ಕರ.”

“ಚೆಂಡು ತಾಗಿದ್ದು ದೇಶದ ಕಾಲಿಗಲ್ಲ, ನನ್ನ ಕಾಲಿಗೆ. ಹೌದೋ ಅಲ್ವೋ?”

ಮುಂಪಡೆಯ ನೋರ್‌ಲೈಲಾ ಅಳುತ್ತಾ ಅವಳ ಮಂಡಿ ಹಿಡಿದುಕೊಂಡಳು. “ಅಕ್ಕ, ಎಷ್ಟು ವರ್ಷ ಬೆವರು ಸುರಿಸಿದ್ದೀವಿ! ಒಂದೇ ಒಂದು ಮಾತು, ಅಕ್ಕ!”

“ನಾನೇನು ನೆರಳಲ್ಲಿ ಕೂತಿದ್ನೇನೇ? ನಾನೂ ಸುರಿಸಿದ್ದೀನಿ!” ಎಂದಳು ಸ್ವರ್ನ್.

ದಾತಿನ್ ಎದ್ದು ನಿಂತರು. ಬೆಣ್ಣೆ ಕರಗಿಹೋಗಿತ್ತು. “ಹೇಳದಿದ್ರೆ ಮುಂದಿನ ತಂಡದಲ್ಲಿ ನಿನಗೆ ಜಾಗ ಇಲ್ಲ. ಯೋಚ್ನೆ ಮಾಡ್ಕೋ.”

ಸ್ವರ್ನ್ ಶೂಗಳ ದಾರ ಬಿಗಿದುಕೊಂಡು ಹೊರಟಳು. ಜೊತೆಗೆ ಹೋಗಿ ಬಾಗಿಲಲ್ಲಿ ನಿಂತವಳು ನಾನು. ಸಮಿತಿಯವರು ಪ್ರಶ್ನೆಯನ್ನು ಪೂರ್ತಿ ಮಾಡುವುದಕ್ಕೂ ಬಿಡದೆ ಅವಳು ಹೇಳಿದಳು: “ಕಾಲಿಗೆ ತಾಗಿತ್ತು. ತಾಗದಿದ್ರೆ ಗೋಲು. ಇನ್ನೇನಾದ್ರೂ ಇದ್ರೆ ಬೇಗ ಕೇಳಿ, ಬಸ್ಸಿಗೆ ಹೊತ್ತಾಯ್ತು.”

ಮುಂದಿನ ಬಾರಿ ತಂಡ ಪ್ರಕಟವಾದಾಗ ಅವಳ ಹೆಸರಿರಲಿಲ್ಲ, ಆಮೇಲೆಂದೂ ಬರಲಿಲ್ಲ. ಆಯ್ಕೆಗಾರರ ಪ್ರಕಾರ, ಒತ್ತಡವನ್ನು ತಾಳಿಕೊಳ್ಳುವ ದೃಢತೆ ಅವಳಲ್ಲಿ ಇಲ್ಲವಂತೆ! ಇಡೀ ತಂಡ ಕಾಲಿಗೆ ಬಿದ್ದರೂ ಅಲ್ಲಾಡದವಳಲ್ಲಿ ದೃಢತೆ ಕಾಣದ ಮಹನೀಯರ ಕಣ್ಣಿಗೆ ಏನು ಹೇಳುವುದು?

ಆದರೆ ನನಗೆ ಹೆಚ್ಚು ಸಿಟ್ಟಿರುವುದು ನಮ್ಮವರ ಮೇಲೆಯೇ. ಊರಿಗೆ ಮರಳಿದ ಮೇಲಿನ ಮೊದಲ ಅಭ್ಯಾಸದ ಸಂಜೆ, ಅಲೋಯ್ಸಿಯಸ್ ಮಾಸ್ಟರು ನಮ್ಮನ್ನೆಲ್ಲ ಕೂಡಿಸಿ, ಹುಲ್ಲು ನೋಡುತ್ತಾ ಹೇಳಿದರು: “ಇನ್ಮೇಲೆ ಯಾರೂ ಕೈ ಎತ್ತೋದು ಬೇಡ ಮಕ್ಕಳೇ. ನೋಡೋದು ಅಂಪೈರ್ ಕೆಲಸ.”

“ಮಾಸ್ಟ್ರೇ,” ಎಂದಳು ಸ್ವರ್ನ್, “ಇದನ್ನ ನನಗೆ ಕಲಿಸಿದ್ದು ಯಾರು? ಊರೊಳಗೆ ಮಾತ್ರ ಅಂತ ಆವತ್ತೇ ಹೇಳ್ಬೇಕಿತ್ತು. ದೇಶದ ತಂಡದಲ್ಲಿ ನನ್ನ ಜಾಗ ಉಳೀತಿತ್ತು!”

ನಾವೆಲ್ಲ ಆಟಕ್ಕಿಳಿದೆವು. ಮಂಡಿಗಳು ಸೋಲುವವರೆಗೂ ಅವಳು ನಮ್ಮ ಕ್ಲಬ್ಬಿಗೇ ಆಡಿದಳು. ಕಾಲಿಗೆ ತಾಗಿದಾಗಲೆಲ್ಲ ಕೈ ಎತ್ತಿದಳು, ಅವಳಿಂದ ಪಂದ್ಯ ಹೋಯಿತೆಂದು ಹೊಸ ಹುಡುಗಿಯರ ಬಾಯಲ್ಲಿ ಬೈಸಿಕೊಂಡಳು, ತಿರುಗಿ ಅದರ ಎರಡರಷ್ಟು ಬೈದಳು.

ಕಳೆದ ವರ್ಷ ಹಾಕಿ ಸಂಘದವರಿಗೆ ಇದ್ದಕ್ಕಿದ್ದಂತೆ ಜ್ಞಾನೋದಯವಾಯಿತು. ಆಟದಲ್ಲಿ ಪ್ರಾಮಾಣಿಕತೆಗಾಗಿ ಅವಳಿಗೆ ಪ್ರಶಸ್ತಿಯಂತೆ. ಫಲಕ ಕೊಡಲು ನಿಂತಿದ್ದವರು ಈಗ ಸಂಘದ ಅಧ್ಯಕ್ಷೆಯಾಗಿರುವ ಅದೇ ದಾತಿನ್ ಸಲ್ಮಿಯಾ. ನರೆಗೂದಲಿನ ಸ್ವರ್ನ್ ಮೆಟ್ಟಿಲ ಕಟಕಟೆ ಹಿಡಿದು ಹತ್ತಿ, ಮೈಕನ್ನು ತನ್ನ ಕಡೆಗೆ ಎಳೆದುಕೊಂಡಳು.

“ನಾನು ಮಾಡಿದ್ದು ಸರಿ ಅಂತ ಈಗ ಗೊತ್ತಾಯ್ತಾ ದಾತಿನ್? ಹಾಗಾದ್ರೆ ಇದು ಬೇಡ. ನನ್ನ ಜಾಗ ಕೊಡಿ.”

ಸಭೆ ಘೊಳ್ಳೆಂದು ನಕ್ಕಿತು, ಚಪ್ಪಾಳೆ ತಟ್ಟಿತು, ತಮಾಷೆಯೆಂದುಕೊಂಡರು. ಅವಳು ಫಲಕವನ್ನು ಮೇಜಿನ ಮೇಲೆ ಬಿಟ್ಟು ಇಳಿದು ಬಂದು ನನ್ನ ಪಕ್ಕದಲ್ಲಿ ಕುಳಿತಳು.

“ನಗ್ತಾರಲ್ಲೇ,” ಎಂದಳು.

ಇಂಥವರನ್ನು ನಾವು ಮೈಯಲ್ಲಿ ಕಸುವಿರುವಾಗ ಸಿಡುಕರೆಂದು ಹೊರಗಿಡುತ್ತೇವೆ, ಕಸುವು ಉಡುಗಿದ ಮೇಲೆ ಸಜ್ಜನರೆಂದು ವೇದಿಕೆಗೆ ಕರೆಯುತ್ತೇವೆ. ಆಗಲೂ ಅವರು ಸಿಟ್ಟಾಗಿಯೇ ಇದ್ದರೆ ನಮಗೆ ಆಶ್ಚರ್ಯ. ನಿಜ ಹೇಳುವವರು ತಾವು ಮಹಾತ್ಮರಾಗಬೇಕೆಂಬ ಆಸೆಯಿಂದ ಅದನ್ನು ಹೇಳಿರುವುದಿಲ್ಲ. ಹೇಳಿದ ಮೇಲೂ ಮರುದಿನ ಎಂದಿನಂತೆ ಆಟಕ್ಕೆ ಇಳಿಯಬಹುದೆಂದು, ಜನರನ್ನು ನಂಬಿ ಹೇಳಿರುತ್ತಾರೆ. ಅವರು ಕೇಳುವುದು ಆ ಮರುದಿನವೊಂದನ್ನೇ, ಮತ್ತು ನಾವು ಅದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಕೊಡುತ್ತೇವೆ.