ಎರಡು ಬೆಟ್ಟಗಳ ನಾಣ್ಯ

“ತಲೆ ಕಡೆ ಸ್ವಲ್ಪ ಎತ್ತಿ ಹಿಡೀರಿ,” ಎನ್ನುತ್ತ ಮೆಟ್ಟಿಲಿನ ತಿರುವಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತ ತಮ್ಮ. ಎರಡನೇ ಮಹಡಿಯಿಂದ ಅಕ್ಕನನ್ನು ಇಳಿಸುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಹೊರಲು ಇದ್ದವರೇ ನಾಲ್ಕು ಜನ: ಅವನು, ಅಕ್ಕ ಮೂವತ್ತೊಂದು ವರ್ಷ ಕೆಲಸ ಮಾಡಿದ್ದ ಕನ್ನಡಕದಂಗಡಿಯ ಮಾಲೀಕರು, ಮತ್ತೆ ಶವದ ವ್ಯಾನಿನ ಜೊತೆ ಬಂದ ಇಬ್ಬರು. ಕೆಳಮನೆಯ ಟೈಲರಮ್ಮ ಮುಂದೆ ಇಳಿಯುತ್ತ, “ಇಲ್ಲೊಂದು ಮೆಟ್ಟಿಲು ಒಡೆದಿದೆ, ಜೋಪಾನ,” ಎಂದಳು.

ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ತಮ್ಮನ ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವನು, ಮಾಲೀಕರು, ಟೈಲರಮ್ಮ ಮೂವರೂ ಅಕ್ಕನ ಕೋಣೆಗೆ ವಾಪಸು ಬಂದರು.

ಬೀರುವಿನ ಕೆಳಗಿನ ಖಾನೆಯಲ್ಲಿ ಮರದ ಪೆಟ್ಟಿಗೆಯಿತ್ತು. ಅದರಲ್ಲಿ ಏನಿದೆಯೆಂದು ತಮ್ಮನಿಗೆ ಗೊತ್ತು. ಟಂಕಸಾಲೆಯವರು ವರ್ಷಕ್ಕೊಂದರಂತೆ, ಖರ್ಚಿಗಲ್ಲದೆ ನೋಡುವುದಕ್ಕೆಂದೇ ಹೊರಡಿಸುವ ಬೆಳ್ಳಿಯ ಪ್ರೂಫ್ ನಾಣ್ಯಗಳು. ವರ್ಷವರ್ಷವೂ ಬೇರೆ ಚಿತ್ರ. ಹಿನ್ನೆಲೆ ಕನ್ನಡಿಯ ಹಾಗೆ ಹೊಳೆಯುತ್ತದೆ, ಚಿತ್ರ ಮಾತ್ರ ಹಿಟ್ಟು ಉದುರಿಸಿದಷ್ಟು ಬೆಳ್ಳಗೆ ಮಸುಕು.

ಮಾಲೀಕರು ಒಂದನ್ನೆತ್ತಿ ಬೆಳಕಿಗೆ ಹಿಡಿದರು. “ಇದೇನಿದು! ಮೈಯೆಲ್ಲ ಬೆರಳಚ್ಚು!” ಇನ್ನೊಂದು ತೆಗೆದರು, ಮತ್ತೊಂದು. ಎಲ್ಲವೂ ಹಾಗೇ. “ಗಾಜಿನ ಮೇಲೆ ಒಂದು ಗುರುತು ಕಂಡ್ರೆ ನಿಮ್ಮಕ್ಕ ನನ್ನನ್ನೇ ಬಿಡ್ತಿರ್ಲಿಲ್ಲ. ಇದು ಅವರ ಕೈಯಲ್ಲ. ಯಾರೋ ಆಟ ಆಡಿದ್ದಾರೆ.”

ಟೈಲರಮ್ಮನ ಮುಖ ನೋಡಿದ ತಮ್ಮ. ಕೋಣೆಯ ಇನ್ನೊಂದು ಬೀಗದಕೈ ಇದ್ದದ್ದು ಅವಳ ಹತ್ತಿರ.

* * *

ಅವನು ಓದುವಾಗ ಎರಡು ವರ್ಷ ಇದೇ ಕೋಣೆಯಲ್ಲಿದ್ದ. ಹೊಸ ನಾಣ್ಯ ಬಂದ ದಿನ ಅಕ್ಕ ಅಂಗಡಿಯಿಂದ ಬೇಗ ಬರುತ್ತಿದ್ದಳು. ಕೈ ತೊಳೆದು, ಒರೆಸಿ, ಬಿಳಿಯ ಹತ್ತಿಯ ಕೈಗವಸು ಹಾಕಿಕೊಂಡು ಮೇಜಿನ ದೀಪದ ಕೆಳಗೆ ಕೂರುತ್ತಿದ್ದಳು.

“ಕಣ್ಣಲ್ಲಿ ನೋಡೋ. ಮುಟ್ಟಿದ್ರೆ ಹೋಯ್ತು, ಮತ್ತೆ ಸರಿ ಮಾಡೋಕಾಗಲ್ಲ.”

“ಮುಟ್ಟೋ ಹಾಗೂ ಇಲ್ಲ, ಖರ್ಚು ಮಾಡೋ ಹಾಗೂ ಇಲ್ಲ. ಏನಕ್ಕ ಇದು?”

“ಮುಂದಿನ ವರ್ಷ ಏನು ಬರುತ್ತೋ ಅಂತ ಕಾಯ್ತೀನಲ್ಲ, ಅದಕ್ಕೆ.”

ಆಮೇಲೆ ಅವನಿಗೆ ದೂರದ ಊರಿನಲ್ಲಿ ಬಸ್ ಡಿಪೋದ ಕೆಲಸ ಸಿಕ್ಕಿತು. ಮದುವೆಯಾಯಿತು, ಮಗಳಾದಳು. ಜಗಳವೇನೂ ಇರಲಿಲ್ಲ. ಪ್ರತಿ ವರ್ಷ ಅಕ್ಕ ಫೋನ್ ಮಾಡುತ್ತಿದ್ದಳು. “ಈ ಸಲ ಹಡಗು ಕಣೋ. ಹಗ್ಗದ ಗಂಟು ಕೂಡ ಕಾಣುತ್ತೆ. ಬಾ, ನೋಡ್ಕೊಂಡು ಹೋಗು.” “ರಜೆ ಸಿಗಲಿ ಅಕ್ಕ,” ಎನ್ನುತ್ತಿದ್ದ. ಹಡಗಿನ ಮುಂದಿನ ವರ್ಷ ಗೂಬೆ ಬಂತು, ಅದರ ಮುಂದಿನ ವರ್ಷ ಗೋಧಿಯ ತೆನೆ. ಅವನು ಮಾತ್ರ ಬರಲಿಲ್ಲ.

* * *

“ಅವರ ಕೈನೇ ಅದು,” ಎಂದಳು ಟೈಲರಮ್ಮ. “ಕಣ್ಣು ಹೋಗಿ ನಾಲ್ಕು ವರ್ಷ ಆಗಿತ್ತಲ್ಲ.”

ಮಾಲೀಕರು ಕೈಯಲ್ಲಿದ್ದ ನಾಣ್ಯವನ್ನು ಮೆಲ್ಲಗೆ ಇಳಿಸಿದರು. “ಮಂಡಿ ನೋವು ಅಂತ ಕೆಲಸ ಬಿಟ್ಟರು…”

“ಮಂಡಿ ಗಟ್ಟಿಯಾಗೇ ಇತ್ತು.”

ಮಂಚದ ಮೇಲೆ ಕುಳಿತ ತಮ್ಮ. “ಇಲ್ಲ. ಹೋದ ವರ್ಷ ಮಗಳ ಮದುವೆಗೂ ಮಂಡಿ ನೋವು ಅಂತ ಬರ್ಲಿಲ್ಲ, ಫೋಟೋ ಕಳಿಸಿದ್ದೆ. ಹಸಿರು ಬಟ್ಟೆ ಅವಳಿಗೆ ಒಪ್ಪುತ್ತೆ ಅಂದ್ಲು ಫೋನಲ್ಲಿ.”

“ಹಸಿರು ಅಂತ ಹೇಳಿದ್ದು ನಾನು. ಮೂರು ಸಲ ಹೇಳಿಸ್ಕೊಂಡ್ರು. ಯಾರ ಪಕ್ಕ ಯಾರು, ನೀವು ನಕ್ಕಿದ್ದೀರಾ ಇಲ್ವಾ, ಎಲ್ಲ.”

“ನನಗೆ ಯಾಕೆ ಹೇಳ್ಲಿಲ್ಲ?”

“ಬೇಡ ಅಂತ ಆಣೆ ಹಾಕಿಸಿದ್ರು. ‘ಗೊತ್ತಾದ್ರೆ ನನ್ನ ನೋಡ್ಕೊಳ್ಳೋಕೆ ಓಡಿ ಬರ್ತಾನೆ. ಅವನು ಸುಮ್ನೆ ನೋಡೋಕೆ ಅಂತ ಬರಲಿ’ ಅಂದ್ರು.”

ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

* * *

ಕಣ್ಣು ಹೋದ ಮೇಲೆ ಬಂದ ಮೊದಲ ನಾಣ್ಯವನ್ನು ಟೈಲರಮ್ಮನೇ ಬಿಚ್ಚಿದ್ದಳು.

“ಏನಿದೆ?”

“ಹಕ್ಕಿ.”

“ಎಂಥ ಹಕ್ಕಿ? ಯಾವ ಕಡೆ ಮುಖ? ರೆಕ್ಕೆ ಬಿಚ್ಚಿದೆಯಾ?”

“ಹಕ್ಕಿ ಅಂದ್ರೆ ಹಕ್ಕಿ ಅಮ್ಮ. ನನಗೆ ರವಿಕೆ ಅಳತೆ ಕೇಳಿ, ಹೇಳ್ತೀನಿ.”

ಇಬ್ಬರೂ ನಕ್ಕರು. ಆಮೇಲೆ ಅಕ್ಕ ಕೈಗವಸು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಳು. “ಕೊಡು ಇಲ್ಲಿ,” ಎಂದು ಕೈ ಚಾಚಿ, ನಾಣ್ಯದ ಮೇಲೆ ಹೆಬ್ಬೆರಳು ಊರಿದಳು. ಟೈಲರಮ್ಮ ಬೆಚ್ಚಿ, “ಹಾಳಾಗಲ್ವಾ?” ಎಂದಳು.

“ಆಗುತ್ತೆ,” ಎಂದಳು ಅಕ್ಕ. ಬೆರಳು ಆಗಲೇ ರೆಕ್ಕೆಯ ತುದಿ ಹುಡುಕುತ್ತಿತ್ತು.

ಅಂದಿನಿಂದ ದಿನಾ ಸಂಜೆ ಒಂದೊಂದಾಗಿ ತೆಗೆದು ಸವರುತ್ತಿದ್ದಳು.

* * *

ಮಾಲೀಕರು ಹೊರಟರು. ಬಾಗಿಲಲ್ಲಿ ಟೈಲರಮ್ಮನ ಕಡೆ ತಿರುಗಿ, “ತಪ್ಪು ತಿಳೀಬೇಡಿ ತಾಯಿ,” ಎಂದರು. ಅವಳು ತಲೆಯಾಡಿಸಿದಳು.

“ಈ ವರ್ಷದ್ದು ಯಾವುದು?” ತಮ್ಮ ಕೇಳಿದ.

ಅವಳು ಪೆಟ್ಟಿಗೆಯ ಮೂಲೆಯಿಂದ ಒಂದನ್ನು ತೆಗೆದುಕೊಟ್ಟಳು. “ಇದನ್ನ ಬಿಡ್ತಾನೇ ಇರ್ಲಿಲ್ಲ. ‘ಇಬ್ಬರು ಎದುರುಬದುರು ಕೂತಿದ್ದಾರೆ ಅಲ್ವಾ? ಅಕ್ಕ ತಮ್ಮ ಇರ್ಬೇಕು’ ಅಂದ್ರು. ನಾನು ಹೂಂ ಅಂದ್ಬಿಟ್ಟೆ.”

ಅವನು ಅದನ್ನು ಕಿಟಕಿಯ ಹತ್ತಿರ ಒಯ್ದ. ನಾಣ್ಯದಲ್ಲಿ ಮನುಷ್ಯರಿರಲಿಲ್ಲ, ಎರಡು ಬೆಟ್ಟಗಳಿದ್ದವು. ಅವುಗಳ ನಡುವಿನ ಹೊಳೆಯುವ ಬಯಲಿನಲ್ಲಿ ಹೆಬ್ಬೆರಳಿನ ಗುರುತು ಒಂದರ ಮೇಲೊಂದು ಬಿದ್ದು, ಆ ಬೆಟ್ಟದಿಂದ ಈ ಬೆಟ್ಟಕ್ಕೆ ಮಂಜು ಕವಿದ ಹಾಗಿತ್ತು.